ಅಮ್ಮ ಕೂರುವ ಜಾಗ

ಕಳೆದ ವರ್ಷ ಏಪ್ರಿಲ್ ಕೊನೆಯ ಒಂದು ಸಂಜೆ ಊರಮನೆಯ ಟಿವಿ ಸತ್ತಿತು. ಆಗುಂಬೆ ಕಡೆಯಿಂದ ಮೋಡ ಎದ್ದದ್ದೇ ತಡ, ಅಪ್ಪಯ್ಯ ಎದ್ದು ಪ್ಲಗ್ ಕಿತ್ತಿದ್ದರು. ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆಗೆ ಇದು ದೀಪ ಹಚ್ಚುವಷ್ಟೇ ನಿತ್ಯದ ಕೆಲಸ. ಮೊದಲ ಗುಡುಗಿಗೆ ಟಿವಿ, ಎರಡನೆಯದಕ್ಕೆ ಫ್ರಿಜ್ಜು, ಮೂರನೆಯದಕ್ಕೆ ಮೇನ್ ಸ್ವಿಚ್ಚು. ಅಷ್ಟೆಲ್ಲ ಮಾಡಿಯೂ ಟಿವಿ ಉಳಿಯಲಿಲ್ಲ. ಸಿಡಿಲು ತೋಟದಾಚೆ ಎಲ್ಲೋ ಬಿದ್ದದ್ದು, ಬಂದದ್ದು ಕರೆಂಟಿನ ದಾರಿಯಲ್ಲಿ ಅಲ್ಲ. ಮಾಡಿನ ಮೇಲಿನ ಡಿಶ್ಶಿನಿಂದ ಇಳಿಯುವ ಕರಿ ಕೇಬಲ್ ಇದೆಯಲ್ಲ, ಅದನ್ನು ಹಿಡಿದು ಸೆಟ್ ಟಾಪ್ ಬಾಕ್ಸಿಗೆ ಬಂದು, ಅದನ್ನು ಸುಟ್ಟು, ಅಲ್ಲಿಂದ ಎಚ್‌ಡಿಎಂಐ ವೈರಿನಲ್ಲಿ ಟಿವಿಯ ಹೊಟ್ಟೆಗೆ ಹೊಕ್ಕಿತ್ತು.

"ಸ್ಟೆಬಿಲೈಸರ್ ಇತ್ತಲ್ಲ ಮಾರಾಯ" ಎಂದು ಅಪ್ಪಯ್ಯ ಫೋನಿನಲ್ಲಿ ನಾಲ್ಕು ಸಲ ಹೇಳಿದರು. ಸ್ಟೆಬಿಲೈಸರ್ ವೋಲ್ಟೇಜು ಏರಿಳಿದಾಗ ಹಿಡಿದು ನಿಲ್ಲಿಸುತ್ತದೆ, ಸಿಡಿಲಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗೆ ನೋಡಿದರೆ ಈಗಿನ ಟಿವಿಗಳ ಬೆನ್ನಿನ ಮೇಲೆ 100–240 ವೋಲ್ಟ್ ಎಂದು ಬರೆದಿರುತ್ತದೆ. ಸಂಜೆ ಹೊತ್ತು ನಮ್ಮೂರಿನ ಕರೆಂಟು 170ಕ್ಕೆ ಇಳಿದರೂ ಅವು ಗೊಣಗುವುದಿಲ್ಲ. ಬೇಕಾದದ್ದು ಸರಿಯಾದ ಅರ್ಥಿಂಗ್, ಸರ್ಜ್, ಅಂದರೆ ಇದ್ದಕ್ಕಿದ್ದ ಹಾಗೆ ನುಗ್ಗುವ ಕರೆಂಟನ್ನು ತಡೆಯುವ ಒಂದು ಪ್ಲಗ್ ಪಟ್ಟಿ, ಎಲ್ಲಕ್ಕಿಂತ ಮುಖ್ಯವಾಗಿ ಗುಡುಗಿದಾಗ ಪ್ಲಗ್ಗಿನ ಜೊತೆಗೆ ಡಿಶ್ ವೈರನ್ನೂ ಬಿಚ್ಚುವ ಅಭ್ಯಾಸ. ಇದನ್ನು ನಾನು ಅವರಿಗೆ ಹತ್ತು ವರ್ಷದ ಹಿಂದೆಯೇ ಹೇಳಬೇಕಿತ್ತು. ನನಗೂ ಗೊತ್ತಿರಲಿಲ್ಲ.

ಮಳೆಗಾಲ ಪೂರ್ತಿ ಮನೆಯಲ್ಲಿ ಭದ್ರಾವತಿ ಆಕಾಶವಾಣಿ ಮಾತ್ರ. "ಇದೇ ಒಳ್ಳೇದಾಯ್ತು" ಎನ್ನುತ್ತಿದ್ದ ಅಮ್ಮ, ಶ್ರಾವಣದ ಹೊತ್ತಿಗೆ "ದೀಪಾವಳಿಗೆ ಬರುವಾಗ ನೋಡು, ಒಂದು ಚಿಕ್ಕದು" ಎಂದಳು. ನಾನು ಬೆಂಗಳೂರಿನಲ್ಲಿ ಕೂತು ಮೂರು ತಿಂಗಳು ಟಿವಿ ಓದಿದೆ. ನೋಡಲಿಲ್ಲ, ಓದಿದೆ.

ಮೊದಲು ಅಳತೆ. ಈಸಿ ಚೇರಿನಿಂದ ಗೋಡೆಗೆ ಎಷ್ಟಿದೆ ನೋಡಿ ಎಂದಾಗ ಅಪ್ಪಯ್ಯ ಟೇಪು ಹಿಡಿದು "ಹತ್ತು ಅಡಿ, ಮೇಲೆ ನಾಲ್ಕು ಬೆರಳು" ಎಂದರು. ಟಿವಿಯ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಳೆದದ್ದು. ಅದರ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಅಂದಾಜು 1.6 ಪಟ್ಟು ದೂರದಲ್ಲಿ ಕೂತರೆ ನೋಟ ತುಂಬಿದ ಹಾಗೆ ಕಾಣುತ್ತದೆ ಎನ್ನುವುದು ಒಂದು ಲೆಕ್ಕ. ಹತ್ತು ಅಡಿಗೆ ಆ ಲೆಕ್ಕದಲ್ಲಿ 75 ಇಂಚು ಬೇಕು. ಅಷ್ಟು ದೊಡ್ಡದಕ್ಕೆ ನಮ್ಮ ಜಗಲಿಯಲ್ಲಿ ಜಾಗವೂ ಇಲ್ಲ, ನನ್ನಲ್ಲಿ ದುಡ್ಡೂ ಇಲ್ಲ. ಅಮ್ಮ ಹೇಳಿದ "ಚಿಕ್ಕದು" ಅಂದರೆ 32; ಹತ್ತು ಅಡಿಯಿಂದ ಅದು ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಹಾಗೆ. 43ಕ್ಕೂ 55ಕ್ಕೂ ನಡುವೆ ತೂಗಾಡಿ ಕಡೆಗೆ 55 ಎಂದುಕೊಂಡೆ. 55 ಇಂಚಿನ ಟಿವಿ ನಾಲ್ಕು ಅಡಿ ಅಗಲ, ಎರಡೂಕಾಲು ಅಡಿ ಎತ್ತರ. ಹಳೇ ಪೇಪರುಗಳನ್ನು ಅಷ್ಟಕ್ಕೆ ಅಂಟಿಸಿ ಗೋಡೆಗೆ ಹಚ್ಚಿ ನೋಡಿ ಎಂದೆ. "ಇದು ಟಿವಿಯನಾ, ಮಂಚವನಾ?" ಎಂದರು ಅಪ್ಪಯ್ಯ. ಎರಡು ದಿನ ಹಾಗೇ ಇರಲಿ ಎಂದೆ. ಮೂರನೇ ದಿನ ಕೇಳಿದರೆ ಅವರಿಗೆ ಪೇಪರು ಅಲ್ಲಿದೆ ಎನ್ನುವುದೇ ಮರೆತುಹೋಗಿತ್ತು. ಯಾರಾದರೂ ಟಿವಿ ಕೊಳ್ಳುವವರಿದ್ದರೆ ಪೇಪರಿನ ಈ ಉಪಾಯ ಮಾಡಿ ನೋಡಿ, ಖರ್ಚಿಲ್ಲ.

ಫೋರ್‌ಕೆ, ಅಂದರೆ ಚಿತ್ರದ ಚುಕ್ಕೆಗಳು ಫುಲ್ ಎಚ್‌ಡಿಗಿಂತ ಸಣ್ಣದಾಗಿ, ಒತ್ತಾಗಿ ಇರುವ ಪರದೆ. ಅದರ ಬಗ್ಗೆ ನಾನು ಓದಿದ್ದೆಲ್ಲ ಕಡೆಗೆ ಉಪಯೋಗಕ್ಕೆ ಬರಲಿಲ್ಲ. ಸರಿಯಾದ ದೃಷ್ಟಿ ಇರುವ ಕಣ್ಣು ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತ ಸಣ್ಣದನ್ನು ಬಿಡಿಸಿ ನೋಡಲಾರದು. 55 ಇಂಚಿನ ಪರದೆಯಲ್ಲಿ ಹಳೆಯ ಫುಲ್ ಎಚ್‌ಡಿಯ ಒಂದು ಚುಕ್ಕೆಯೇ ಸುಮಾರು 0.63 ಮಿಲಿಮೀಟರ್. ಏಳು ಅಡಿ ದಾಟಿ ಹಿಂದೆ ಕೂತರೆ ಅದೇ ಕಣ್ಣಿಗೆ ಸಿಗುವುದಿಲ್ಲ, ಇನ್ನು ಫೋರ್‌ಕೆಯ ಅರ್ಧ ಗಾತ್ರದ ಚುಕ್ಕೆ ಎಲ್ಲಿಂದ ಸಿಗಬೇಕು? ಆದರೂ ಆ ಅಳತೆಯಲ್ಲಿ ಈಗ ಅಂಗಡಿಯಲ್ಲಿ ಇರುವುದೆಲ್ಲ ಫೋರ್‌ಕೆಯೇ, ಬೇಡ ಅಂದರೂ ಬರುತ್ತದೆ. ಕಷ್ಟ ಇರುವುದು ಇನ್ನೊಂದು ಕಡೆ. ಅಪ್ಪಯ್ಯ ಅಮ್ಮ ನೋಡುವುದು ಡಿಶ್ಶಿನ ಸಾದಾ ಚಾನೆಲ್ಲು, ಎಚ್‌ಡಿ ಅಲ್ಲ. ಅದರ ಚಿತ್ರ ಹೆಚ್ಚೆಂದರೆ 720ಕ್ಕೆ 576, ನಾಲ್ಕು ಲಕ್ಷ ಚಿಲ್ಲರೆ ಚುಕ್ಕೆ. ಫೋರ್‌ಕೆ ಪರದೆಯಲ್ಲಿ ಇರುವುದು ಎಂಬತ್ತಮೂರು ಲಕ್ಷ. ಒಂದು ಚುಕ್ಕೆ ಕೊಟ್ಟರೆ ಟಿವಿ ಇಪ್ಪತ್ತು ಮಾಡಿಕೊಳ್ಳಬೇಕು, ಹತ್ತೊಂಬತ್ತು ಅದರ ಸ್ವಂತ ಕಲ್ಪನೆ. ಒಂದು ಸೇರು ಅಕ್ಕಿಯ ಹಿಟ್ಟಿಗೆ ಇಪ್ಪತ್ತು ಸೇರು ನೀರು ಹಾಕಿ ದೋಸೆ ಹುಯ್ಯುವ ಕೆಲಸ ಅದು. ಕೆಲವು ಟಿವಿ ಚೆನ್ನಾಗಿ ಮಾಡುತ್ತವೆ, ಅಗ್ಗದವು ಮುಖಗಳನ್ನೆಲ್ಲ ಮೇಣ ಹಚ್ಚಿದ ಹಾಗೆ ಮಾಡುತ್ತವೆ. ಇದನ್ನು ಅಂಗಡಿಯಲ್ಲೇ ನೋಡಬೇಕು.

ದೀಪಾವಳಿಗೆ ಎರಡು ದಿನ ಮೊದಲು ಶಿವಮೊಗ್ಗದಲ್ಲಿ ಇಳಿದು ಅಂಗಡಿಗೆ ಹೋದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿತ್ತಲ್ಲ, ಬಾಗಿಲಿಗೇ ದೊಡ್ಡ ಬ್ಯಾನರು. ಹತ್ತು ಪರ್ಸೆಂಟ್ ಇಳಿಕೆ ಅಂದರೆ ಬೆಲೆಯಲ್ಲಿ ಹತ್ತು ಪರ್ಸೆಂಟ್ ಕಡಿಮೆ ಎಂದು ತಿಳಿದರೆ ತಪ್ಪು. ನೂರಾ ಇಪ್ಪತ್ತೆಂಟು ಕೊಡುವಲ್ಲಿ ನೂರಾ ಹದಿನೆಂಟು ಕೊಡುತ್ತೇವೆ. ಐವತ್ತು ಸಾವಿರದ ಟಿವಿಗೆ ಉಳಿಯಬೇಕಾದದ್ದು ಮೂರು ಸಾವಿರದ ಒಂಬೈನೂರರ ಆಸುಪಾಸು. ಅಡಿಕೆ ವ್ಯಾಪಾರದ ಮನೆಯಲ್ಲಿ ಹುಟ್ಟಿದವನಿಗೆ ಈ ಲೆಕ್ಕ ಹಾಕದೆ ನಿದ್ದೆ ಬರುವುದಿಲ್ಲ.

ಅಂಗಡಿಯ ಒಳಗೆ ಇಪ್ಪತ್ತು ಟಿವಿ, ಇಪ್ಪತ್ತರಲ್ಲೂ ಒಂದೇ ಜಲಪಾತ, ಒಂದೇ ಗಿಣಿ, ಒಂದೇ ಕಿತ್ತಳೆ ಹಣ್ಣು ನಿಧಾನಕ್ಕೆ ಇಬ್ಭಾಗ ಆಗುವುದು. ಅಂಗಡಿಯ ಕಣ್ಣು ಕುಕ್ಕುವ ದೀಪದ ಕೆಳಗೆ ಎದ್ದು ಕಾಣಲಿ ಎಂದು ಬೆಳಕು, ಬಣ್ಣ ಎರಡನ್ನೂ ಕೊನೆಯವರೆಗೆ ತಿರುವಿಟ್ಟಿರುತ್ತಾರೆ. "ಯಕ್ಷಗಾನ ಹಾಕಿ ತೋರಿಸ್ತೀರಾ?" ಎಂದೆ. ಹುಡುಗ ನನ್ನ ಮುಖ ನೋಡಿದ. "ಸಾರ್, ಡೆಮೊ ವಿಡಿಯೊದಲ್ಲಿ ಗೊತ್ತಾಗತ್ತೆ ಸಾರ್." ಆಮೇಲೆ ಒಳ್ಳೆಯವನೇ, ಯೂಟ್ಯೂಬಿನಲ್ಲಿ ಒಂದು ರಾತ್ರಿ ಆಟದ ಹಳೇ ರೆಕಾರ್ಡಿಂಗ್ ಹುಡುಕಿ ಹಾಕಿದ, ಆಮೇಲೆ ಒಂದು ಸಾದಾ ಚಾನೆಲ್ಲನ್ನೂ ಹಾಕಿದ. ಅರ್ಧ ಟಿವಿಗಳು ಅಲ್ಲೇ ಸೋತವು. ಬಣ್ಣದ ವೇಷದ ಕೆಂಪು ಮುಖಕ್ಕೂ ಕೆಂಪು ಬಟ್ಟೆಗೂ ನಡುವೆ ಗೆರೆಯೇ ಇಲ್ಲದೆ ಕಲಸಿದ ಕುಂಕುಮದ ಹಾಗೆ ಕಂಡವು.

ಉಳಿದದ್ದು ಹೆಸರುಗಳ ಗೊಂದಲ. ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಇವೆಲ್ಲ ಮೂಲದಲ್ಲಿ ಎಲ್‌ಸಿಡಿಯೇ: ಹಿಂದೆ ದೀಪ, ಮುಂದೆ ತೆರೆದು ಮುಚ್ಚುವ ಲಕ್ಷಾಂತರ ಸಣ್ಣ ಪರದೆ. ಕ್ಯೂ ಅಂದರೆ ನಡುವೆ ಕ್ವಾಂಟಮ್ ಡಾಟ್ ಎನ್ನುವ ಕಣಗಳ ಒಂದು ಪದರ. ಕಣದ ಗಾತ್ರ ಬದಲಾದ ಹಾಗೆ ಅದು ಚೆಲ್ಲುವ ಬಣ್ಣ ಬದಲಾಗುತ್ತದೆ, 2023ರ ರಸಾಯನಶಾಸ್ತ್ರದ ನೊಬೆಲ್ ಇದಕ್ಕೇ ಸಂದದ್ದು. ಓಎಲ್‌ಇಡಿ ಮಾತ್ರ ಬೇರೆ ಜಾತಿ. ಅಲ್ಲಿ ಹಿಂದೆ ದೀಪ ಇಲ್ಲ, ಒಂದೊಂದು ಚುಕ್ಕೆಯೂ ತಾನೇ ಉರಿಯುತ್ತದೆ, ಆರಿದರೆ ನಿಜವಾದ ಕತ್ತಲೆ. ಒಂದು ಅಕ್ಷರದ ವ್ಯತ್ಯಾಸಕ್ಕೆ ಬೆಲೆ ಮಾತ್ರ ಎಲ್ಲಿಂದೆಲ್ಲಿಗೋ ಹೋಗುತ್ತದೆ. ನನಗೆ ಓಎಲ್‌ಇಡಿಯ ಮೇಲೆ ಆಸೆ ಇದ್ದದ್ದು ನಿಜ. ಆದರೆ ಅಪ್ಪಯ್ಯ ದಿನಕ್ಕೆ ಐದು ತಾಸು ನ್ಯೂಸ್ ಚಾನೆಲ್ ಹಾಕಿಟ್ಟು ತೋಟಕ್ಕೆ ಹೋಗಿ ಬರುವವರು. ಕೆಳಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಲೋಗೊ, ಬ್ರೇಕಿಂಗ್ ನ್ಯೂಸ್ ಎನ್ನುವ ಅದೇ ಅಕ್ಷರ. ಒಂದೇ ಜಾಗದಲ್ಲಿ ಒಂದೇ ಬಣ್ಣ ವರ್ಷಗಟ್ಟಲೆ ಉರಿದರೆ ಓಎಲ್‌ಇಡಿಯಲ್ಲಿ ಅದರ ಕಲೆ ಉಳಿಯುವ ಸಾಧ್ಯತೆ ಇದೆ. ನಮ್ಮ ಕನ್ನಡ ನ್ಯೂಸ್ ಚಾನೆಲ್ಲುಗಳ ಪರದೆಯಲ್ಲಿ ಅಲುಗಾಡುವ ಜಾಗಕ್ಕಿಂತ ಅಲುಗಾಡದ ಜಾಗವೇ ಹೆಚ್ಚು ಎಂಬುದನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಡೆಗೆ ತೀರ್ಮಾನ ಮಾಡಿಸಿದ್ದು ಅಮ್ಮ ಕೂರುವ ಜಾಗ. ಅಪ್ಪಯ್ಯ ಟಿವಿಗೆ ಎದುರಾಎದುರು ಕೂತರೆ ಅಮ್ಮ ಕೂರುವುದು ಬಾಗಿಲ ಪಕ್ಕ, ನೆಲದಲ್ಲಿ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾದ ಮೇಲೆ ಸಂಜೆ ಅವಳ ಮುಂದೆ ಅಡಿಕೆ ಸುಲಿಯುವ ಮೆಟ್ಟುಗತ್ತಿ, ಎಡಕ್ಕೆ ಹಸಿ ಅಡಿಕೆ, ಬಲಕ್ಕೆ ಸಿಪ್ಪೆ. ಬೆಳಕೂ ಗಾಳಿಯೂ ಬರುವುದು ಅಲ್ಲಿಯೇ. ಅಲ್ಲಿಂದ ಟಿವಿ ಬಹಳ ಓರೆ. ಎಲ್‌ಸಿಡಿಯಲ್ಲಿ ವಿಎ, ಐಪಿಎಸ್ ಎಂದು ಎರಡು ಬಗೆ. ವಿಎ ಪ್ಯಾನಲ್ಲಿನಲ್ಲಿ ಕಪ್ಪು ದಟ್ಟ, ನೇರ ಕೂತವರಿಗೆ ಸೊಗಸು, ಬದಿಗೆ ಸರಿದರೆ ಬಣ್ಣ ತೊಳೆದು ಹೋಗುತ್ತದೆ. ಐಪಿಎಸ್‌ನಲ್ಲಿ ಕಪ್ಪು ಅಷ್ಟಕ್ಕಷ್ಟೇ, ಬೂದಿ ಬಣ್ಣ. ಆದರೆ ಬದಿಯಿಂದ ನೋಡಿದರೂ ಮುಖ ಮುಖವಾಗಿಯೇ ಇರುತ್ತದೆ. ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ ಐಪಿಎಸ್ ಬೇಡ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಜಗಲಿಯಲ್ಲಿ ಕತ್ತಲೆ ಎಲ್ಲಿದೆ? ಅಂಗಡಿಯಲ್ಲಿ ಒಂದೊಂದು ಟಿವಿಯ ಪಕ್ಕಕ್ಕೂ ಹೋಗಿ, ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಓರೆಯಾಗಿ ನೋಡಿದೆ. ಹುಡುಗ ಈಗ ನನ್ನ ಕಡೆ ನೋಡುವುದನ್ನೇ ಬಿಟ್ಟಿದ್ದ. ಐಪಿಎಸ್ ಕೊಂಡೆ.

ಟಿವಿ ಮನೆಗೆ ಬಂದ ದಿನ ಗೋಡೆಯ ತಕರಾರು. ಕೂರಿಸಲು ಬಂದವನು ಕಿಟಕಿಯ ಮೇಲ್ಮಟ್ಟಕ್ಕೆ, ಅಂದರೆ ದೇವರ ಪಟ ಹಾಕುವ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿದ. ಎಲ್ಲ ಮನೆಯಲ್ಲೂ ಹೀಗೇ ಸಾರ್ ಎಂದ. ಎಲ್ಲ ಮನೆಯಲ್ಲೂ ಹೀಗೇ ಇರುವುದು ಹೌದು, ಎಲ್ಲರ ಕುತ್ತಿಗೆಯೂ ನೋಯುವುದೂ ಹೌದು. ನಾನು ವಾದ ಶುರುಮಾಡುವ ಮೊದಲೇ ಗೋಡೆ ಉತ್ತರ ಕೊಟ್ಟಿತು. ನಮ್ಮದು ಜಂಬಿಟ್ಟಿಗೆ ಗೋಡೆ, ಮೇಲೆ ಸುಣ್ಣದ ಗಾರೆ. ಡ್ರಿಲ್ ಇಟ್ಟ ಕೂಡಲೇ ಕೆಂಪು ಪುಡಿ ಸುರಿದು, ಬೆರಳು ಗಾತ್ರ ಬೇಕಾದಲ್ಲಿ ಮುಷ್ಟಿ ಗಾತ್ರದ ತೂತಾಯಿತು. ಅದರಲ್ಲಿ ಯಾವ ಬೋಲ್ಟೂ ನಿಲ್ಲುವ ಹಾಗಿರಲಿಲ್ಲ. ಅಜ್ಜನ ಕಾಲದ ಹಲಸಿನ ಮರದ ಸಂದೂಕವನ್ನು ಅಟ್ಟದಿಂದ ಇಳಿಸಿ, ಒರೆಸಿ, ಅದರ ಮೇಲೆ ಟಿವಿಯನ್ನು ಅದರದೇ ಕಾಲಿನಲ್ಲಿ ನಿಲ್ಲಿಸಿದೆವು. ಒಂದೂಮುಕ್ಕಾಲು ಅಡಿ ಎತ್ತರದ ಸಂದೂಕ. ಪರದೆಯ ನಡುಭಾಗ ನೆಲದಿಂದ ಮೂರಡಿಯ ಆಸುಪಾಸಿಗೆ ಬಂತು. ಈಸಿ ಚೇರಿನಲ್ಲಿ ಒರಗಿದ ಅಪ್ಪಯ್ಯನ ಕಣ್ಣಿಗೂ ಸರಿ, ಅಡಿಕೆಯಿಂದ ತಲೆ ಎತ್ತುವ ಅಮ್ಮನ ಕಣ್ಣಿಗೂ ಸರಿ. ಗೋಡೆಯ ಆ ತೂತು ಈಗಲೂ ಇದೆ. ಸಿಮೆಂಟು ತುಂಬಿಸಿದರೆ ಗೋಡೆಗೆ ಬೂದಿ ಮಚ್ಚೆ ಆಗುತ್ತದೆ ಎಂದು ಅಪ್ಪಯ್ಯ ಹಾಗೇ ಬಿಟ್ಟಿದ್ದಾರೆ.

ಬಣ್ಣ ಹೊಂದಿಸುವುದರಲ್ಲಿ ನನ್ನ ಓದು ಉಪಯೋಗಕ್ಕೆ ಬರುತ್ತದೆ ಅಂದುಕೊಂಡಿದ್ದೆ. ಹಬ್ಬದ ಗಡಿಬಿಡಿಯಲ್ಲಿ ಮೊದಲ ದಿನ ಟಿವಿ ಪೆಟ್ಟಿಗೆಯಿಂದ ಬಂದ ಹಾಗೇ ಓಡಿತು, ವಿವಿಡ್ ಎನ್ನುವ ಮೋಡಿನಲ್ಲಿ. ನೆಂಟರೆಲ್ಲ ಹೊಗಳಿದರು. ಮರುದಿನ ಚಂದನದಲ್ಲಿ ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಒಂದು ಕಾರ್ಯಕ್ರಮ ಬರುತ್ತಿತ್ತು. ಅಪ್ಪಯ್ಯ ಮುಂದಕ್ಕೆ ಬಾಗಿ ನೋಡಿದರು, ಎದ್ದು ಹತ್ತಿರ ಹೋಗಿ ನೋಡಿದರು.

"ಇದರಲ್ಲಿ ರೋಗ ಎಲ್ಲಿದೆ ಮಾರಾಯ? ಮರ ಎಲ್ಲ ಹಸಿರಾಗಿದೆ."

ನಾನೂ ನೋಡಿದೆ. ಎಲೆಚುಕ್ಕೆಯಲ್ಲಿ ಮೊದಲು ಕಾಣುವುದು ಸೋಗೆಯ ಮೇಲಿನ ಸಣ್ಣ ಕಂದು ಚುಕ್ಕೆ, ಸುತ್ತ ತೆಳು ಹಳದಿ ಅಂಚು. ಆ ಹಳದಿಯನ್ನೇ ಟಿವಿ ನುಂಗಿಹಾಕಿತ್ತು. ವಿವಿಡ್ ಮೋಡ್ ಮಾಡುವುದೇ ಅದು: ಬಿಳಿಯನ್ನು ನೀಲಿಯ ಕಡೆಗೆ ಎಳೆಯುತ್ತದೆ, ಹಸಿರು, ಕೆಂಪಿಗೆ ಬೇಕಾದ್ದಕ್ಕಿಂತ ಹೆಚ್ಚು ಬಣ್ಣ ತುಂಬುತ್ತದೆ. ನಲವತ್ತು ವರ್ಷ ಸೋಗೆಯ ಬಣ್ಣ ನೋಡಿಯೇ ಮರದ ಆರೋಗ್ಯ ಹೇಳಿದ ಮನುಷ್ಯನಿಗೆ ಅದು ಒಂದು ದಿನವೂ ದಕ್ಕಲಿಲ್ಲ. "ರೋಗದ ಮರವನ್ನೂ ಹಸಿರು ತೋರಿಸೋ ಟಿವಿ ಎಂತಕ್ಕೆ?" ಎಂದರು. ಸಿನಿಮಾ ಮೋಡಿಗೆ ಬದಲಿಸಿ, ಬಣ್ಣದ ಉಷ್ಣತೆಯನ್ನು ವಾರ್ಮ್ ಮಾಡಿ, ಅಂದರೆ ಬಿಳಿಯನ್ನು ಹಳದಿಯ ಕಡೆಗೆ ತಂದು, ಶಾರ್ಪ್‌ನೆಸ್ ಸೊನ್ನೆಯ ಹತ್ತಿರಕ್ಕೆ ತಂದೆ. ಬ್ಯಾಕ್‌ಲೈಟ್ ಮಾತ್ರ ಹಗಲಿಗೆಂದು ಮೇಲೆಯೇ ಬಿಟ್ಟೆ. (ಬ್ರೈಟ್‌ನೆಸ್ ಎಂದು ಬರೆದದ್ದು ಎಷ್ಟೋ ಟಿವಿಗಳಲ್ಲಿ ಬೆಳಕಿನದಲ್ಲ, ಕಪ್ಪು ಎಷ್ಟು ಕಪ್ಪಾಗಿರಬೇಕು ಎನ್ನುವುದರದು. ಬೆಳಕು ಬೇಕಾದರೆ ಬ್ಯಾಕ್‌ಲೈಟ್. ಈ ಹೆಸರಿಟ್ಟವರು ಸಿಕ್ಕಿದರೆ ಕೇಳಬೇಕು.) ಈ ಮೋಡಿನಲ್ಲಿ ಮೊದಲ ಐದು ನಿಮಿಷ ಎಲ್ಲರಿಗೂ ಪರದೆ ಹಳದಿ ತಿರುಗಿದ ಹಾಗೆ ಕಾಣುತ್ತದೆ, ಕಣ್ಣು ಪಳಗಿದ ಮೇಲೆ ಸರಿಹೋಗುತ್ತದೆ.

ಸರಿಹೋಗಲಿಲ್ಲ. ಅಪ್ಪಯ್ಯ ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. "ಎಡಗಣ್ಣಿಗೆ ಸರಿ ಇದೆ, ಬಲಗಣ್ಣಿಗೆ ಹಳದಿ" ಎಂದರು. ಹೋದ ವರ್ಷ ಎಡಗಣ್ಣಿನ ಪೊರೆ ತೆಗೆಸಿದ್ದೆವು, ಬಲಗಣ್ಣಿನದು ಇನ್ನೂ ಬಲಿತಿಲ್ಲ ಎಂದು ಬಿಟ್ಟಿದ್ದರು. ವಯಸ್ಸಾದ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿಯನ್ನು ತಡೆಯುತ್ತದೆ. ತೆಗೆಸಿ ಹೊಸದು ಹಾಕಿದ ಕಣ್ಣಿಗೆ ಲೋಕ ಇದ್ದಕ್ಕಿದ್ದ ಹಾಗೆ ಬೆಳ್ಳಗೆ, ನೀಲಿಯಾಗಿ ಕಾಣುತ್ತದೆ. ಒಂದೇ ಮುಖದಲ್ಲಿ ಎರಡು ಟಿವಿ ಇಟ್ಟುಕೊಂಡು ಅವರು ಒಂದು ವರ್ಷದಿಂದ ತೋಟ ನೋಡುತ್ತಿದ್ದರು, ನಮಗೆ ಯಾರಿಗೂ ಹೇಳಿರಲಿಲ್ಲ. "ಹೇಳೋದೆಂತ, ಕಾಣ್ತದಲ್ಲ." ವಾರ್ಮ್‌ನಿಂದ ಒಂದು ಮೆಟ್ಟಿಲು ಈಚೆಗೆ ತಂದು ನಿಲ್ಲಿಸಿದೆ. ಪುಸ್ತಕದ ಪ್ರಕಾರ ತಪ್ಪು, ಆ ಎರಡು ಕಣ್ಣುಗಳ ನಡುವಿನ ರಾಜಿ.

ಹಳೇ ಸಿನಿಮಾದ ವಿಷಯದಲ್ಲಿ ರಾಜಿ ಆಗಲಿಲ್ಲ. ಕಪ್ಪು ಬಿಳುಪಿನ ಕಾಲದ ಚಿತ್ರ ಹೆಚ್ಚುಕಡಿಮೆ ನಾಲ್ಕಕ್ಕೆ ಮೂರರ ಚೌಕ, ಈಗಿನ ಪರದೆ ಹದಿನಾರಕ್ಕೆ ಒಂಬತ್ತು. ತುಂಬಿಸಲು ಎಳೆದರೆ ಮುಖ ಮೂರನೇ ಒಂದು ಪಾಲು ಅಗಲವಾಗುತ್ತದೆ. "ರಾಜ್‌ಕುಮಾರ್‌ಗೆ ಮುಖ ಬಾತುಕೊಂಡಿದೆ, ಸರಿ ಮಾಡು" ಎಂದಳು ಅಮ್ಮ. ಸರಿ ಮಾಡಿದರೆ ಎರಡೂ ಬದಿಗೆ ಕಪ್ಪು ಪಟ್ಟಿ, "ದುಡ್ಡು ಕೊಟ್ಟ ಜಾಗ ಖಾಲಿ ಬಿಡೋದಾ?" ಎಂದರು ಅಪ್ಪಯ್ಯ. ಎಳೆಯುವುದನ್ನು ಟಿವಿಯೂ ಮಾಡುತ್ತದೆ, ಸೆಟ್ ಟಾಪ್ ಬಾಕ್ಸೂ ಮಾಡುತ್ತದೆ, ಎರಡು ಕಡೆಯೂ ಬದಲಿಸಬೇಕು. ಈಗ ನಾನು ಹೋದಾಗಲೆಲ್ಲ ಒಂದು ಸಲ ಪಟ್ಟಿ ಇರುತ್ತದೆ, ಒಂದು ಸಲ ಇರುವುದಿಲ್ಲ. ಅವರ ನಡುವೆ ನಾನು ಬರುವುದಿಲ್ಲ.

ಇನ್ನು ಚಲನೆಯನ್ನು ನುಣುಪು ಮಾಡುವ ಒಂದು ಸೌಲಭ್ಯ ಇದೆ. ಒಂದು ಕಂಪನಿ ಟ್ರೂಮೋಶನ್ ಎನ್ನುತ್ತದೆ, ಇನ್ನೊಂದು ಮೋಶನ್‌ಫ್ಲೋ ಎನ್ನುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ನಡುವೆ ಇಲ್ಲದ ಚಿತ್ರಗಳನ್ನು ಟಿವಿ ತಾನೇ ಹುಟ್ಟಿಸಿ ತುರುಕುತ್ತದೆ. ಆಗ ಎಂಥ ಸಿನಿಮಾವೂ ಸೀರಿಯಲ್ಲಿನ ಹಾಗೆ ಕಾಣುತ್ತದೆ. 2018ರಲ್ಲಿ ನಟ ಟಾಮ್ ಕ್ರೂಸ್ ವಿಡಿಯೊ ಮಾಡಿ ದಯವಿಟ್ಟು ಇದನ್ನು ಆಫ್ ಮಾಡಿ ಎಂದು ಕೇಳಿಕೊಂಡಿದ್ದ. ಆಫ್ ಮಾಡಿದೆ. ಕ್ರಿಕೆಟ್ಟಿಗೆ ಬೇಕು ಎಂದು ಅಕ್ಕನ ಮಗ ಮತ್ತೆ ಆನ್ ಮಾಡಿದ.

ಇಷ್ಟೆಲ್ಲ ಆಗುವಾಗ ಅಮ್ಮ ಚಿತ್ರದ ಬಗ್ಗೆ ಆ ಬಾತ ಮುಖದ ಮಾತು ಬಿಟ್ಟರೆ ಬೇರೇನೂ ಹೇಳಿರಲಿಲ್ಲ. ಅವಳ ದೂರು ಬೇರೆ. ಹಳೇ ಟಿವಿಯಲ್ಲಿ ವಾಲ್ಯೂಮ್ 20 ಇಡುತ್ತಿದ್ದವಳು ಇಲ್ಲಿ 45ಕ್ಕೆ ಇಟ್ಟರೂ ಮುಖ ಗಂಟು. "ಕೇಳ್ತದೆ, ಎಂತ ಹೇಳ್ತಾರೆ ಅಂತ ಗೊತ್ತಾಗಲ್ಲ." ನಾನು ಮೊದಲು ಟಿವಿಯನ್ನೇ ಬೈದೆ. ಹಳೇ ಡಬ್ಬಿ ಟಿವಿಗಳಲ್ಲಿ ಸ್ಪೀಕರು ಮುಖಕ್ಕೆ ಮುಖ ಇರುತ್ತಿತ್ತು; ಈಗಿನವು ತೆಳ್ಳಗಾಗಿ, ಸ್ಪೀಕರು ಕೆಳಗೆ ನೆಲ ನೋಡುತ್ತಲೋ ಹಿಂದೆ ಗೋಡೆ ನೋಡುತ್ತಲೋ ಕೂತಿರುತ್ತದೆ. ಅದು ಅರ್ಧ ಕಾರಣ. ಇನ್ನರ್ಧ ಅಮ್ಮನ ಕಿವಿ. ವಯಸ್ಸಾದಂತೆ ಮೊದಲು ಮಸುಕಾಗುವುದು ಮೇಲಿನ ಕಂಪನದ ಸದ್ದು. ಅ, ಆ ಇಂಥ ಸ್ವರಗಳು ಕೆಳಗಿನವು, ಗಟ್ಟಿ. ಸ, ಶ, ತ, ಕ ಇಂಥವು ಮೇಲಿನವು, ತೆಳು. ಸಾಲ, ಕಾಲ, ತಾಳ ಮೂರೂ ‘ಆ’ ಎಂದೇ ಕಿವಿಗೆ ಬೀಳುತ್ತವೆ, ಉಳಿದದ್ದನ್ನು ಊಹಿಸಿಕೊಳ್ಳಬೇಕು. ವಾಲ್ಯೂಮ್ ಏರಿಸಿದರೆ ಮಾತಿನ ಜೊತೆ ಹಿನ್ನೆಲೆ ಸಂಗೀತವೂ ಏರುತ್ತದೆ. ಅತ್ತೆಯ ಮುಖವನ್ನು ಮೂರು ಸಲ ಹತ್ತಿರ ತೋರಿಸುವಾಗ ಬರುವ ಆ ಧಡ್ ಧಡ್ ಮಾತನ್ನು ಪೂರ್ತಿ ಮುಳುಗಿಸುತ್ತದೆ.

ಟಿವಿಯ ಮುಂದೆ ಇಡುವ ಉದ್ದನೆಯ ಸ್ಪೀಕರು, ಒಂದು ಸೌಂಡ್‌ಬಾರ್ ತಂದೆ. ಮೊದಲು ತಂದದ್ದು ಜೊತೆಗೆ ದೊಡ್ಡ ಬೇಸ್ ಡಬ್ಬಿ ಇದ್ದದ್ದು. ಅಟ್ಟದ ಹಲಗೆಗಳೆಲ್ಲ ನಡುಗಿ ಮೇಲಿಂದ ಧೂಳು ಉದುರಿತು, ಮಾತು ಇನ್ನೂ ಕೆಟ್ಟಿತು. ಅದನ್ನು ವಾಪಸು ಕೊಟ್ಟು ನಡುವೆ ಮಾತಿಗೆಂದೇ ಒಂದು ಸ್ಪೀಕರು ಇರುವುದನ್ನು ತಂದೆ, ಅದರಲ್ಲಿ ವಾಯ್ಸ್ ಎಂಬ ಒಂದು ಬಟನ್ನು. ಬ್ಲೂಟೂತಿನಲ್ಲಿ ಜೋಡಿಸಿ ಯಕ್ಷಗಾನ ಹಾಕಿದೆ. ಎರಡು ನಿಮಿಷಕ್ಕೆ ಅಪ್ಪಯ್ಯ, "ಚಂಡೆಗೆ ಕೋಲು ಮೊದಲು ಬೀಳ್ತದೆ, ಸದ್ದು ಆಮೇಲೆ" ಎಂದರು. ಬ್ಲೂಟೂತಿನಲ್ಲಿ ಸದ್ದು ಸೆಕೆಂಡಿನ ಹತ್ತನೇ ಒಂದೆರಡು ಪಾಲು ಹಿಂದೆ ಬೀಳುವುದುಂಟು. ಸೀರಿಯಲ್ಲಿನ ತುಟಿಗೆ ಅದು ಗೊತ್ತಾಗಲಿಕ್ಕಿಲ್ಲ, ಚಂಡೆಗೆ ಗೊತ್ತಾಗುತ್ತದೆ. ವೈರು ಹಾಕಿದೆ. ಅದೂ ಟಿವಿಯ ಸದ್ದನ್ನು ಹೊರಗೆ ಕೊಡುವ, ಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ತೂತಿಗೇ ಹಾಕಬೇಕು, ಬೇರೆಯದಕ್ಕೆ ಹಾಕಿ ಅರ್ಧ ಗಂಟೆ ಸದ್ದಿಲ್ಲ ಎಂದು ಒದ್ದಾಡಿದವರಲ್ಲಿ ನಾನೂ ಒಬ್ಬ. ಮಾತು ಕೇಳಿಸತೊಡಗಿದ ಸಂಜೆ ಅಮ್ಮ ಕತ್ತಿ ನಿಲ್ಲಿಸಿ ಪೂರ್ತಿ ಒಂದು ಸೀರಿಯಲ್ ನೋಡಿದಳು. ಮುಗಿದ ಮೇಲೆ, "ಇಷ್ಟು ದಿನ ಆ ಸೊಸೆಯೇ ಕೆಟ್ಟವಳು ಅಂದುಕೊಂಡಿದ್ದೆ" ಎಂದಳು.

ರಿಮೋಟಿನ ಗೋಳು ಎಲ್ಲರ ಮನೆಯಲ್ಲೂ ಇರುವುದೇ. ಟಿವಿಯದೊಂದು, ಡಿಶ್ಶಿನದೊಂದು, ಸೌಂಡ್‌ಬಾರಿನದೊಂದು. ಸಿಇಸಿ ಎನ್ನುವ ಆಯ್ಕೆ ಆನ್ ಮಾಡಿದರೆ ಒಂದನ್ನು ಒಳಗಿಡಬಹುದು, ಟಿವಿ ಜೊತೆಗೇ ಬಾರ್ ಕೂಡ ಏಳುತ್ತದೆ, ಮಲಗುತ್ತದೆ. ಉಳಿದದ್ದನ್ನು ನಾನು ಕಾಗದದಲ್ಲಿ ಒಂದು, ಎರಡು, ಮೂರು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ ಬಂದೆ. ಮುಂದಿನ ಸಲ ಹೋದಾಗ ಆ ಕಾಗದದಲ್ಲಿ ಹಾಲಿನ ಲೆಕ್ಕ ಇತ್ತು. ಅಮ್ಮ ತನ್ನ ಹಣೆಯ ಸ್ಟಿಕರ್ ಬೊಟ್ಟಿನ ಪಾಕೀಟಿನಿಂದ ತೆಗೆದು ರಿಮೋಟಿಗೇ ಬೊಟ್ಟು ಇಟ್ಟಿದ್ದಳು. ಪವರಿಗೆ ಕೆಂಪು, ಹೋಮ್‌ಗೆ ಹಸಿರು, ಬ್ಯಾಕ್‌ಗೆ ಕಪ್ಪು. ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಚಿಕ್ಕವನಿದ್ದಾಗ ಅಪ್ಪಯ್ಯ ಮಾಡು ಹತ್ತಿ ಆಂಟೆನಾ ತಿರುಗಿಸುವುದು, "ಬಂತಾ?" ಎಂದು ಕೂಗುವುದು, ನಾನು ಕೆಳಗಿನಿಂದ "ಬಂತು, ಹೋಯ್ತು, ಹೋಯ್ತು" ಎನ್ನುವುದು. ಈಗ ನಾನು ಬೆಂಗಳೂರಿನಿಂದ "ಹೋಮ್ ಒತ್ತಿ" ಎಂದರೆ ಅಲ್ಲಿಂದ ಅಮ್ಮ, "ಹೋಮ್ ಅಂದ್ರೆ ಎಂತದಾ, ಹಸಿರು ಬೊಟ್ಟಾ ಕರಿ ಬೊಟ್ಟಾ, ಅದು ಹೇಳು" ಎನ್ನುತ್ತಾಳೆ. ಆ ರಿಮೋಟಿನ ಫೋಟೊ ನನ್ನ ಫೋನಿನಲ್ಲಿ ಇದೆ.

ಇನ್ನೊಂದು ಕೆಲಸ ಮಾಡಿದ್ದೆ. ಮೊದಲ ಸಲ ಆನ್ ಮಾಡುವಾಗ ಬರುವ ಷರತ್ತುಗಳಲ್ಲಿ, ನೀವು ಏನು ನೋಡುತ್ತೀರಿ ಎಂದು ತಿಳಿದುಕೊಳ್ಳುತ್ತೇವೆ ಎನ್ನುವ ಒಂದು ಸಾಲು ಇರುತ್ತದೆ, ಅದಕ್ಕೆ ಒಪ್ಪಿಗೆ ಕೊಡಬೇಕಿಲ್ಲ. ಅಮೆರಿಕದಲ್ಲಿ ವಿಜಿಯೊ ಎಂಬ ಕಂಪನಿ ಜನರ ಒಪ್ಪಿಗೆ ಇಲ್ಲದೆ ಹೀಗೆ ಲೆಕ್ಕ ಇಟ್ಟದ್ದಕ್ಕೆ 2017ರಲ್ಲಿ 22 ಲಕ್ಷ ಡಾಲರ್ ತೆರಬೇಕಾಯಿತು. ನಮ್ಮನೆ ಜಗಲಿಯಲ್ಲಿ ಯಾರು ಏನು ನೋಡುತ್ತಾರೆ ಎನ್ನುವುದು ಹೊರಗಿನವರಿಗೆ ಯಾಕೆ ಎಂದು ಅದನ್ನೆಲ್ಲ ಹುಡುಕಿ ಹುಡುಕಿ ಆಫ್ ಮಾಡಿದೆ.

ಆದರೆ ಟಿವಿ ಒಂದು ಇಮೇಲ್ ಕೇಳಿತು, ಅವರಿಬ್ಬರಿಗೂ ಇಲ್ಲ. ನನ್ನದನ್ನೇ ಹಾಕಿದೆ. ಅದರ ಪರಿಣಾಮ ಗೊತ್ತಾಗಲು ಒಂದು ವಾರವೂ ಬೇಕಾಗಲಿಲ್ಲ. ಮೆಟ್ರೊದಲ್ಲಿ ನಿಂತು ಫೋನು ತೆರೆದರೆ ಯೂಟ್ಯೂಬು ನನಗೆ ಬಡಗುತಿಟ್ಟಿನ ಯಕ್ಷಗಾನ ಪ್ರಸಂಗ, ಭಜನೆ, ಹಲಸಿನ ಹಪ್ಪಳ, ಅಡಿಕೆ ಧಾರಣೆ ತೋರಿಸುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಏನು ನೋಡಿದರು, ರಾತ್ರಿ ಎಷ್ಟು ಹೊತ್ತಿಗೆ ಆಫ್ ಮಾಡಿದರು, ಎಲ್ಲ ಗೊತ್ತಾಗುತ್ತಿತ್ತು. ಬೇರೆ ಇಮೇಲ್ ಮಾಡಿಕೊಡಬೇಕು ಎಂದುಕೊಂಡೆ, ಮಾಡಲಿಲ್ಲ. ನಿಜ ಹೇಳಬೇಕೆಂದರೆ ಬೆಳಿಗ್ಗೆ ಎದ್ದು ಅದನ್ನು ನೋಡುವುದು ಅಭ್ಯಾಸವಾಗಿತ್ತು.

ಜನವರಿಯಲ್ಲಿ ಒಂದು ವಾರ ಬರೀ ಮಂಡಿ ನೋವು. ಮಂಡಿ ನೋವಿಗೆ ಮನೆಮದ್ದು, ಮಂಡಿ ಸವೆತ ಅಂದರೆ ಏನು, ನೆಲದಲ್ಲಿ ಕೂರಬಹುದೇ ಕೂರಬಾರದೇ. ಫೋನ್ ಮಾಡಿದೆ.

"ನಂಗೆಂತ ಆಗಿದೆ, ಚೆನ್ನಾಗಿದ್ದೀನಿ. ಯಾರು ಹೇಳಿದ್ದು ನಿಂಗೆ?" ಎಂದಳು ಅಮ್ಮ.

ಟಿವಿ ಹೇಳಿತು ಎನ್ನಲು ಬಾಯಿ ಬರಲಿಲ್ಲ. ಸುಮ್ಮನೆ ಕೇಳಿದೆ ಎಂದೆ.

ಶಿವರಾತ್ರಿಗೆ ಹೋದಾಗ ಬಾಗಿಲ ಪಕ್ಕದ ಜಾಗ ಖಾಲಿ ಇತ್ತು. ಮೆಟ್ಟುಗತ್ತಿಯನ್ನು ಗೋಡೆಗೆ ಒರಗಿಸಿಟ್ಟಿದ್ದರು. ಈ ವರ್ಷ ಅಡಿಕೆ ಸುಲಿಯಲು ಮೆಷಿನ್ನಿನವರಿಗೆ ಕೊಟ್ಟೆವು ಎಂದರು ಅಪ್ಪಯ್ಯ. ಅಮ್ಮ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅವರ ಪಕ್ಕದಲ್ಲಿ ಹಾಕಿಕೊಂಡಿದ್ದಳು, ಟಿವಿಗೆ ನೇರ ಎದುರಿಗೆ. ಅವಳು ಕೂರುತ್ತಿದ್ದ ಕಡೆ ಬೆಕ್ಕು ಮಲಗಿತ್ತು. ನಾನು ಹೋಗಿ ಅಲ್ಲಿ ಕೂತು ಸ್ವಲ್ಪ ಹೊತ್ತು ಟಿವಿ ನೋಡಿದೆ. ಓರೆಯಿಂದಲೂ ಬಣ್ಣ ಒಂಚೂರೂ ಕೆಟ್ಟಿರಲಿಲ್ಲ.

ಕುರ್ಚಿಯಲ್ಲಿ ಕೂತರೆ ಅಮ್ಮನ ಕಣ್ಣು ಟಿವಿಗಿಂತ ಮೇಲಾಗುತ್ತದೆ, ಕುತ್ತಿಗೆ ಬಗ್ಗಿಸಿ ನೋಡಬೇಕು. ಮಧ್ಯಾಹ್ನ ಅಕ್ಕನ ಮಗನನ್ನು ಕರೆದು ಟಿವಿಯನ್ನು ಮೆಲ್ಲಗೆ ಇಳಿಸಿ, ಸಂದೂಕದ ನಾಲ್ಕು ಮೂಲೆಗೆ ಒಂದೊಂದು ಇಟ್ಟಿಗೆ ಕೊಟ್ಟೆವು.

"ಮತ್ತೆ ಯಾಕೆ ಎತ್ತಿದ್ದಾ? ಮೊದಲೇ ಸರಿ ಇತ್ತಲ್ಲ" ಎಂದಳು.